ಸಿನಿಮಾದ ಬಂದೂಕಿಗೆ ಗುಂಡು ಮುಗಿಯುವುದಿಲ್ಲ



ಈ ಸಲ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿರುವ ವಿಷಯಕ್ಕೆ ಕಾರಣ ನನ್ನದೇ ಒಂದು ತಪ್ಪು. ಒಂದು ಡಿಸೆಂಬರ್ 16ರಂದು, ವಿಜಯ ದಿವಸದ ಸಲುವಾಗಿ, ನಮ್ಮ ಕನ್ನಡ ಕಾರ್ಯಕ್ರಮದಲ್ಲಿ 1971ರ ಯುದ್ಧದ ಬಗ್ಗೆ ಪುಟ್ಟದೊಂದು ರೂಪಕ ಪ್ರಸಾರ ಮಾಡಿದ್ದೆ. ಹಿನ್ನೆಲೆಗೆ ಸ್ಟುಡಿಯೋದ ಸಂಗ್ರಹದಲ್ಲಿದ್ದ ಗುಂಡಿನ ಸದ್ದನ್ನು ಧಾರಾಳವಾಗಿ ಬಳಸಿದ್ದೆ. ನನ್ನ ಲೆಕ್ಕದಲ್ಲಿ ರೂಪಕ ಚೆನ್ನಾಗಿಯೇ ಬಂದಿತ್ತು.

ಕಾರ್ಯಕ್ರಮ ಮುಗಿದ ಹತ್ತು ನಿಮಿಷಕ್ಕೆ ಒಂದು ಫೋನ್ ಬಂತು. ಬೆಳಗಾವಿ ಕಡೆಯ ದನಿ. ಸೇನೆಯಿಂದ ಸುಬೇದಾರರಾಗಿ ನಿವೃತ್ತರಾದವರು, ಈಗ ಮಗನ ಜೊತೆ ಇದೇ ಮಹಾನಗರದಲ್ಲಿದ್ದಾರೆ.

"ತಂಗೀ, ಕಾರ್ಯಕ್ರಮ ಚಲೋ ಇತ್ತವಾ. ಆದ್ರ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ನಿಮ್ಮ ಸಿಪಾಯಿ ಮ್ಯಾಗಝೀನ್ ಬದಲಿ ಮಾಡೂದ ಇಲ್ಲಲ್ಲ, ಅದೆಂಥಾ ಬಂದೂಕು ಅದು? ಅಂಥಾದು ಸರಕಾರ ನಮಗ್ಯಾಕ ಕೊಡಲಿಲ್ಲ?"

ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಆದರೆ ಫೋನ್ ಇಟ್ಟ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯುದ್ಧ ಎಂದರೆ ಹೀಗೇ ಇರುತ್ತದೆ, ಗುಂಡು ಎಂದರೆ ಹೀಗೇ ಸದ್ದು ಮಾಡುತ್ತದೆ ಎಂದು ನನಗೆ ಹೇಳಿಕೊಟ್ಟವರು ಯಾರು? ಯೋಚಿಸಿದರೆ ಉತ್ತರ ಒಂದೇ, ಸಿನಿಮಾ. ನಿಮ್ಮಲ್ಲೂ ಹೆಚ್ಚಿನವರಿಗೆ ಅದೇ ಗುರು ಇರಬೇಕು. ಹಾಗಾದರೆ ಆ ಗುರು ಕಲಿಸಿದ್ದರಲ್ಲಿ ನಿಜವೆಷ್ಟು, ಸುಳ್ಳೆಷ್ಟು? ಬನ್ನಿ, ನೋಡೋಣ.

ಸ್ವಲ್ಪ ಲೆಕ್ಕ ಹಾಕೋಣ

ಎಕೆ-47 ಬಂದೂಕಿನ ಹೆಸರು ಗೊತ್ತಿಲ್ಲದವರಿಲ್ಲ. ಅದರ ಸಾಮಾನ್ಯ ಮ್ಯಾಗಝೀನ್‌ನಲ್ಲಿ ಹಿಡಿಸುವುದು 30 ಗುಂಡು. ಟ್ರಿಗರ್ ಒತ್ತಿ ಹಿಡಿದರೆ ನಿಮಿಷಕ್ಕೆ ಸುಮಾರು 600 ಗುಂಡುಗಳ ವೇಗದಲ್ಲಿ ಅದು ಹಾರಿಸುತ್ತದೆ. ಅಂದರೆ ಸೆಕೆಂಡಿಗೆ ಹತ್ತು. ಮೂರೇ ಸೆಕೆಂಡಿನಲ್ಲಿ ಮ್ಯಾಗಝೀನ್ ಖಾಲಿ! ನೀವು ಈ ವಾಕ್ಯ ಓದಿ ಮುಗಿಸುವುದರೊಳಗೆ ನಾಯಕನ ಬಂದೂಕು ಬರಿ ಕೋಲಾಗಿರುತ್ತದೆ. ತೆರೆಯ ಮೇಲೆ ಕಾಣುವ ಹಾಗೆ ಒಂದು ನಿಮಿಷ ಎಡೆಬಿಡದೆ ಹಾರಿಸಬೇಕಾದರೆ 20 ಮ್ಯಾಗಝೀನ್ ಬೇಕು. ಬರೀ ಗುಂಡುಗಳ ತೂಕವೇ ಹತ್ತಿರ ಹತ್ತಿರ 10 ಕೆಜಿ ಆಗುತ್ತದೆ. ಅಷ್ಟು ಹೊತ್ತುಕೊಂಡು ನಮ್ಮ ಹೀರೋ ಬಿಗಿ ಟೀ ಶರ್ಟಿನಲ್ಲಿ ಓಡುವುದು ಹೇಗೆ?

1971ರಲ್ಲಿ ನಮ್ಮ ಕಾಲಾಳು ಸೈನಿಕರ ಕೈಯಲ್ಲಿದ್ದದ್ದು ಹೆಚ್ಚಾಗಿ ಎಸ್‌ಎಲ್‌ಆರ್ ಎಂಬ ರೈಫಲ್. ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದದ್ದು. ಮ್ಯಾಗಝೀನಿಗೆ 20 ಗುಂಡು. ಒಮ್ಮೆ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಉಸಿರು ಹಿಡಿದು, ಗುರಿ ನೋಡಿ, ಒಂದೊಂದಾಗಿ ಹೊಡೆಯುವುದೇ ಅಲ್ಲಿನ ಪಾಠ. ಸುಬೇದಾರರು ಆಮೇಲೆ ಒಮ್ಮೆ ಹೇಳಿದರು, "ಗುಂಡಂದ್ರ ಜ್ವಾಳದ ಕಾಳಲ್ಲ ತಂಗಿ, ಹಂಗ ಬಿತ್ತಾಕ. ಒಂದೊಂದೂ ಬೆನ್ನ ಮ್ಯಾಲ ಹೊತ್ತು ತಂದದ್ದು."

ಇನ್ನು ಗ್ರೆನೇಡಿನ ಕತೆ. ಹಲ್ಲಿನಿಂದ ಪಿನ್ ಕಿತ್ತು ಉಗುಳಿ ಎಸೆಯುವ ನಾಯಕನನ್ನು ಎಷ್ಟು ಸಲ ನೋಡಿಲ್ಲ ನಾವು! ಆ ಪಿನ್ನು ಅಕಸ್ಮಾತ್ತಾಗಿ ಬಿಚ್ಚಿಕೊಳ್ಳಬಾರದೆಂದೇ ಬಿಗಿಯಾಗಿ ಕೂರಿಸಿರುತ್ತಾರೆ. ಹಲ್ಲು ಹಾಕಿದರೆ ಹೆಚ್ಚಾಗಿ ಬರುವುದು ಹಲ್ಲೇ. ಎಸೆದ ಮೇಲೆ ಪೆಟ್ರೋಲ್ ಬಂಕಿಗೆ ಬೆಂಕಿ ಬಿದ್ದಂತೆ ಕೆಂಪು ಜ್ವಾಲೆ ಏಳುವುದೂ ಸುಳ್ಳು. ಒಂದು ಸಿಡಿತ, ಹೊಗೆ, ಧೂಳು, ಅಷ್ಟೇ ಕಾಣುವುದು. ಕೊಲ್ಲುವುದು ಕಣ್ಣಿಗೆ ಕಾಣದ ಲೋಹದ ಚೂರುಗಳು. ಮೊದಲ ಮಹಾಯುದ್ಧದ ಕಾಲದ ವಿನ್ಯಾಸದ 36ನೇ ನಂಬರಿನ ಗ್ರೆನೇಡು ನಮ್ಮ ಸೇನೆಯಲ್ಲಿ ಎಷ್ಟು ದೀರ್ಘಕಾಲ ಬಾಳಿತೆಂದರೆ, ಅದರ ಜಾಗಕ್ಕೆ ಹೊಸ ಬಗೆಯ ದೇಶೀ ಗ್ರೆನೇಡು ಬರತೊಡಗಿದ್ದು 2021ರಲ್ಲಿ.

ಕಿವಿಯ ಪಾಠ

ನಾನು ರೇಡಿಯೋದವಳು, ಆದ್ದರಿಂದ ಸದ್ದಿನ ಬಗ್ಗೆ ಎರಡು ಮಾತು ಹೆಚ್ಚು ಹೇಳುತ್ತೇನೆ.

ಸಿನಿಮಾದಲ್ಲಿ ಸೈಲೆನ್ಸರ್ ಹಾಕಿದ ಪಿಸ್ತೂಲು 'ಫುಸ್' ಎನ್ನುತ್ತದೆ. ಪಕ್ಕದ ಕೋಣೆಯಲ್ಲಿ ಮಲಗಿದವನಿಗೆ ಎಚ್ಚರವಾಗುವುದಿಲ್ಲ. ನಿಜದಲ್ಲಿ ಬಂದೂಕಿನ ಸದ್ದು ಸುಮಾರು 160 ಡೆಸಿಬಲ್ ಇದ್ದರೆ, ಸೈಲೆನ್ಸರ್ ಅದನ್ನು 130ರ ಆಸುಪಾಸಿಗೆ ಇಳಿಸುತ್ತದೆ. ಅದೂ ಕಿವಿ ನೋಯುವಷ್ಟು ದೊಡ್ಡ ಸದ್ದೇ. ಪಕ್ಕದ ಕೋಣೆಯವನಿರಲಿ, ಕೆಳಗಿನ ಮಹಡಿಯವನೂ ಎದ್ದು ಕೂರುತ್ತಾನೆ.

ಇದಕ್ಕಿಂತ ಸ್ವಾರಸ್ಯದ ವಿಷಯವಿದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ರೈಫಲಿನ ಗುಂಡು ಹೊರಡುವಾಗ ಅದರ ಎರಡು ಪಟ್ಟಿಗೂ ಮೀರಿದ ವೇಗದಲ್ಲಿರುತ್ತದೆ. ಹಾಗಾಗಿ ದೂರದಿಂದ ಯಾರಾದರೂ ನಿಮ್ಮತ್ತ ಹಾರಿಸಿದರೆ ನಿಮಗೆ ಮೊದಲು ಕೇಳುವುದು ಗುಂಡು ಗಾಳಿಯನ್ನು ಸೀಳಿಕೊಂಡು ಪಕ್ಕದಲ್ಲಿ ಹಾದುಹೋದ 'ಚಟ್' ಎಂಬ ಸದ್ದು. ಬಂದೂಕಿನ 'ಢಂ' ಬರುವುದು ಆಮೇಲೆ. ಈ ಎರಡು ಸದ್ದುಗಳ ನಡುವಿನ ಅಂತರವನ್ನು ಎಣಿಸಿ ಶತ್ರು ಎಷ್ಟು ದೂರದಲ್ಲಿದ್ದಾನೆಂದು ಅಂದಾಜು ಮಾಡುವುದನ್ನು ಸೈನಿಕರಿಗೆ ಕಲಿಸುತ್ತಾರೆ. ಅಂತರ ಒಂದು ಸೆಕೆಂಡಿನಷ್ಟಿದ್ದರೆ ಶತ್ರು ಸುಮಾರು 600 ಮೀಟರ್ ಆಚೆ. ಗುಡುಗು ಮಿಂಚಿನ ಲೆಕ್ಕವನ್ನು ಅಜ್ಜಿ ಹೇಳಿಕೊಡುತ್ತಿದ್ದಳಲ್ಲ, ಹಾಗೆಯೇ ಇದು. ನನ್ನ ರೂಪಕದಲ್ಲಿ ಈ 'ಚಟ್' ಇರಲೇ ಇಲ್ಲ. ಸುಬೇದಾರರ ಕಿವಿಗೆ ಅದು ಉಪ್ಪಿಲ್ಲದ ಸಾರಿನಂತೆ ಕೇಳಿರಬೇಕು.

ವೈರ್‌ಲೆಸ್ ವಿಷಯದಲ್ಲೂ ಹಾಗೇ. ಸಿನಿಮಾದ ಮೇಜರ್ ಸಾಹೇಬರು ಗತ್ತಿನಿಂದ "ಓವರ್ ಅಂಡ್ ಔಟ್" ಎನ್ನುತ್ತಾರೆ. 'ಓವರ್' ಎಂದರೆ ನನ್ನ ಮಾತು ಮುಗಿಯಿತು, ಈಗ ನೀನು ಉತ್ತರ ಕೊಡು ಎಂದರ್ಥ. 'ಔಟ್' ಎಂದರೆ ಸಂಭಾಷಣೆಯೇ ಮುಗಿಯಿತು, ಉತ್ತರ ಬೇಡ ಎಂದರ್ಥ. ಎರಡನ್ನೂ ಒಟ್ಟಿಗೆ ಹೇಳಿದರೆ ಊಟಕ್ಕೆ ಕರೆದು ಬಾಗಿಲು ಹಾಕಿಕೊಂಡ ಹಾಗೆ!

ಸೈನಿಕ ಮೇಷ್ಟರಾದ ಕತೆ

ಇಷ್ಟೆಲ್ಲ ತಪ್ಪುಗಳು ಸಿನಿಮಾದವರಿಗೆ ಗೊತ್ತಿರಲಿಲ್ಲವೇ? ಕೆಲವರಿಗೆ ಗೊತ್ತಿತ್ತು, ಆದರೆ ಬೇಕಿರಲಿಲ್ಲ. ಅಮೆರಿಕದ ಜಾನ್ ವೇಯ್ನ್ ಅವರನ್ನೇ ತೆಗೆದುಕೊಳ್ಳಿ. ಎಷ್ಟೋ ಯುದ್ಧಚಿತ್ರಗಳ ವೀರ. ನಿಜಜೀವನದಲ್ಲಿ ಅವರು ಸೇನೆಯಲ್ಲಿ ಒಂದು ದಿನವೂ ಇದ್ದವರಲ್ಲ. ವಿಯೆಟ್ನಾಂ ಯುದ್ಧದ ಬಗ್ಗೆ ಅವರು 1968ರಲ್ಲಿ ತೆಗೆದ 'ದಿ ಗ್ರೀನ್ ಬೆರೆಟ್ಸ್' ಚಿತ್ರದ ಕೊನೆಯಲ್ಲಿ ಸೂರ್ಯ ಸಮುದ್ರದಲ್ಲಿ ಮುಳುಗುತ್ತಾನೆ. ವಿಯೆಟ್ನಾಮಿನ ಕಡಲತೀರ ಇರುವುದು ಪೂರ್ವ ದಿಕ್ಕಿಗೆ!

ಅದೇ ವಿಯೆಟ್ನಾಮಿನಿಂದ ಗಾಯಗೊಂಡು ಮರಳಿದ ಒಬ್ಬ ಸೈನಿಕನಿಗೆ ಇಂಥ ಚಿತ್ರಗಳನ್ನು ನೋಡಿ ರೋಸಿಹೋಗಿತ್ತು. ಹೆಸರು ಡೇಲ್ ಡೈ. ಮರೀನ್ ದಳದಲ್ಲಿ ಕ್ಯಾಪ್ಟನ್ ಆಗಿದ್ದು 1984ರಲ್ಲಿ ನಿವೃತ್ತರಾದವರು. ಸಿನಿಮಾ ನಟರಿಗೆ ಸೈನಿಕರ ನಡೆನುಡಿ ಕಲಿಸುವುದನ್ನೇ ಅವರು ಕಸುಬು ಮಾಡಿಕೊಂಡರು. ಮೊದಲಿಗೆ ಹಾಲಿವುಡ್‌ನಲ್ಲಿ ಬಾಗಿಲು ತೆರೆಯಲಿಲ್ಲ. ತೆರೆದವರು ನಿರ್ದೇಶಕ ಆಲಿವರ್ ಸ್ಟೋನ್, ತಾವೂ ವಿಯೆಟ್ನಾಮಿನಲ್ಲಿ ಹೋರಾಡಿದವರು. 1986ರಲ್ಲಿ ಬಂದ 'ಪ್ಲಟೂನ್' ಚಿತ್ರಕ್ಕಾಗಿ ಡೈ ಅವರು ನಟರನ್ನು ಫಿಲಿಪ್ಪೀನ್ಸ್ ಕಾಡಿಗೆ ಕರೆದೊಯ್ದು ಸುಮಾರು ಎರಡು ವಾರ ಇಟ್ಟರು. ಅವರ ಹೊಂಡ ಅವರೇ ತೋಡಬೇಕು. ಸೇನೆಯ ಡಬ್ಬಿ ಊಟ. ರಾತ್ರಿ ಕಣ್ಣು ಮುಚ್ಚಿದರೆ ಪಕ್ಕದಲ್ಲೇ ಸ್ಫೋಟ. ಚಿತ್ರೀಕರಣ ಶುರುವಾಗುವಾಗ ನಟರ ಮುಖದ ಮೇಲಿದ್ದ ದಣಿವು ಮೇಕಪ್ಪಿನದಾಗಿರಲಿಲ್ಲ. ಆ ಚಿತ್ರಕ್ಕೆ ನಾಲ್ಕು ಆಸ್ಕರ್ ಬಂದವು. ಅದರಲ್ಲಿ ಒಂದು ಧ್ವನಿಗೆ ಎಂದು ಹೇಳಲು ನನಗೆ ವಿಶೇಷ ಖುಷಿ.

ಆಮೇಲೆ ಇದೊಂದು ಪದ್ಧತಿಯೇ ಆಯಿತು. 1995ರ 'ಹೀಟ್' ಯುದ್ಧದ ಚಿತ್ರವಲ್ಲ, ದರೋಡೆಕೋರರ ಚಿತ್ರ. ಆದರೂ ನಿರ್ದೇಶಕ ಮೈಕೆಲ್ ಮನ್ ತಮ್ಮ ನಟರಿಗೆ ಬಂದೂಕು ಹಿಡಿಸಲು ಬ್ರಿಟಿಷ್ ಸೇನೆಯ ಎಸ್‌ಎಎಸ್ ಪಡೆಯಲ್ಲಿದ್ದ ಆಂಡಿ ಮೆಕ್‌ನ್ಯಾಬ್ ಅವರನ್ನು ಕರೆಸಿದರು. ಲಾಸ್ ಏಂಜಲೀಸ್ ಬೀದಿಯ ಆ ಗುಂಡಿನ ಕಾಳಗದಲ್ಲಿ ಒಬ್ಬ ಹಾರಿಸುತ್ತಾನೆ, ಆಗ ಇನ್ನೊಬ್ಬ ಓಡುತ್ತಾನೆ. ಓಡಿದವನು ನಿಂತು ಹಾರಿಸುವಾಗ ಮೊದಲಿನವನು ಜಾಗ ಬದಲಿಸುತ್ತಾನೆ. ಮ್ಯಾಗಝೀನ್ ಖಾಲಿಯಾದರೆ ಬದಲಿಸುತ್ತಾರೆ, ಅದೂ ನಮ್ಮ ಕಣ್ಣೆದುರೇ! ಸ್ಟುಡಿಯೋದಲ್ಲಿ ಮಾಡಿದ ಸದ್ದನ್ನು ಬಿಟ್ಟು, ಚಿತ್ರೀಕರಣದ ಜಾಗದಲ್ಲೇ ದಾಖಲಿಸಿದ, ಎತ್ತರದ ಕಟ್ಟಡಗಳ ನಡುವೆ ಪ್ರತಿಧ್ವನಿಸುವ ಸದ್ದನ್ನು ಮನ್ ಉಳಿಸಿಕೊಂಡರು. ಒಮ್ಮೆ ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿ ನೋಡಿ, ಎದೆಗೇ ಬಡಿಯುತ್ತದೆ.

ಇನ್ನು 1998ರ 'ಸೇವಿಂಗ್ ಪ್ರೈವೇಟ್ ರಯಾನ್'. ಇಲ್ಲೂ ಮೇಷ್ಟರು ಡೇಲ್ ಡೈ. ಮಳೆಯಲ್ಲಿ ನೆನೆದು, ಕೆಸರಲ್ಲಿ ಮಲಗಿ ಸಾಕಾದ ನಟರು ಬಿಟ್ಟುಹೋಗಲು ಹೊರಟರಂತೆ. ಟಾಮ್ ಹ್ಯಾಂಕ್ಸ್ ಒಬ್ಬರು ಉಳಿಯೋಣ ಎಂದು ಒಪ್ಪಿಸಿದರು. ಕತೆಯಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವ ರಯಾನ್ ಪಾತ್ರದ ಮ್ಯಾಟ್ ಡೇಮನ್‌ಗೆ ಮಾತ್ರ ಈ ಶಿಕ್ಷೆಯಿಂದ ವಿನಾಯಿತಿ. ಉಳಿದವರಿಗೆ ಅವನ ಮೇಲೆ ಸ್ವಲ್ಪ ಅಸಮಾಧಾನ ಇರಲಿ ಎಂಬ ಲೆಕ್ಕ. ನಾರ್ಮಂಡಿಯ ಕಡಲತೀರದಲ್ಲಿ ಸೈನಿಕರು ಇಳಿಯುವ ಆ ದೃಶ್ಯ ನೋಡಿ ಎಷ್ಟೋ ಮುದುಕರು ಚಿತ್ರಮಂದಿರದಿಂದ ಎದ್ದು ಹೊರಬಂದರು. ಹಳೆಯ ನೆನಪು ಕೆದಕಿ ನರಳುವ ಮಾಜಿ ಸೈನಿಕರಿಗಾಗಿ ಅಮೆರಿಕ ಸರ್ಕಾರ ದೂರವಾಣಿ ಸಹಾಯವನ್ನೂ ಏರ್ಪಡಿಸಬೇಕಾಯಿತು.

ಅಂಥ ಚಿತ್ರದಲ್ಲೂ ರಾಜಿ ಇದೆ ಎನ್ನಿ. ಅದರಲ್ಲಿ ಬರುವ ಜರ್ಮನ್ 'ಟೈಗರ್' ಟ್ಯಾಂಕುಗಳು ನಿಜವಾಗಿ ರಷ್ಯದ ಟಿ-34 ಟ್ಯಾಂಕುಗಳು, ಮೇಲೆ ವೇಷ ಹಾಕಿದ್ದು. ನಮ್ಮ ಯಕ್ಷಗಾನದವರು ನಕ್ಕಾರು!

ಲೋಂಗೆವಾಲಾ: ತೆರೆಯ ಮೇಲೆ, ಮರಳಿನ ಮೇಲೆ

ಈಗ ನಮ್ಮ ದೇಶಕ್ಕೆ ಬರೋಣ. ಲಡಾಖಿನಲ್ಲಿ ಚಿತ್ರೀಕರಿಸಿದ ಚೇತನ್ ಆನಂದ್ ಅವರ 'ಹಕೀಕತ್' 1964ರಷ್ಟು ಹಿಂದೆಯೇ ಬಂದಿತ್ತು. ಆದರೆ ಯುದ್ಧಚಿತ್ರ ಎಂದೊಡನೆ ನಮ್ಮ ತಲೆಮಾರಿಗೆ ನೆನಪಾಗುವುದು 1997ರ ಜೂನ್ 13ರಂದು ತೆರೆಕಂಡ ಜೆ. ಪಿ. ದತ್ತಾ ಅವರ 'ಬಾರ್ಡರ್'. ಸಿನಿಮಾ ಮತ್ತು ಇತಿಹಾಸ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಮೊದಲು ಇತಿಹಾಸ. ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯ ಗಡಿಯಲ್ಲಿ ಲೋಂಗೆವಾಲಾ ಎಂಬ ಠಾಣೆ. 1971ರ ಡಿಸೆಂಬರ್ 4ರ ರಾತ್ರಿ ಅಲ್ಲಿದ್ದದ್ದು ಪಂಜಾಬ್ ರೆಜಿಮೆಂಟಿನ 23ನೇ ಬೆಟಾಲಿಯನ್ನಿನ ಒಂದು ಕಂಪನಿ, ಸುಮಾರು 120 ಜನ. ಜೊತೆಗೆ ಗಡಿ ಭದ್ರತಾ ಪಡೆಯ ಕೆಲವರು. ನಾಯಕ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ.

ಈ ಯುದ್ಧ ಶುರುವಾದದ್ದೇ ಕಿವಿಯಿಂದ. ಗಡಿಗಲ್ಲಿನ ಬಳಿ ಗಸ್ತಿನಲ್ಲಿದ್ದ ಲೆಫ್ಟಿನೆಂಟ್ ಧರಮ್ ವೀರ್ ಅವರ ತಂಡಕ್ಕೆ ರಾತ್ರಿಯ ಮೌನದಲ್ಲಿ ಆಚೆಯಿಂದ ಎಂಜಿನ್ನುಗಳ ಗುರುಗುರು ಕೇಳಿಸಿತು. ಅವರು ವೈರ್‌ಲೆಸ್‌ನಲ್ಲಿ ಸುದ್ದಿ ಮುಟ್ಟಿಸಿದರು. ಬರುತ್ತಿದ್ದದ್ದು ನಲವತ್ತಕ್ಕೂ ಹೆಚ್ಚು ಟ್ಯಾಂಕು, ಹಿಂದೆ ಎರಡು ಸಾವಿರಕ್ಕೂ ಮೀರಿದ ಸೈನಿಕರು. ಠಾಣೆಯಲ್ಲಿ ಒಂದೂ ಟ್ಯಾಂಕಿಲ್ಲ. ಜೈಸಲ್ಮೇರಿನಲ್ಲಿದ್ದ ವಾಯುಪಡೆಯ ಹಂಟರ್ ವಿಮಾನಗಳಿಗೆ ಕತ್ತಲಲ್ಲಿ ದಾಳಿ ಮಾಡುವ ಸೌಕರ್ಯವಿಲ್ಲ. ಬೆಳಗಾಗುವವರೆಗೆ ಕಾಯಬೇಕು. ಠಾಣೆ ಬಿಟ್ಟು ಹಿಂದೆ ಸರಿಯುವ ಅವಕಾಶವೂ ಇತ್ತು. ಚಾಂದ್‌ಪುರಿ ನಿಲ್ಲುವುದೆಂದು ತೀರ್ಮಾನಿಸಿದರು.

ಆ ರಾತ್ರಿ ಅವರು ಮಾಡಿದ್ದೇನು? ಠಾಣೆ ಮರಳುದಿಬ್ಬದ ಮೇಲಿತ್ತು, ಅದೇ ಅವರ ದೊಡ್ಡ ಬಲ. ಟ್ಯಾಂಕುಗಳು ತೀರ ಹತ್ತಿರ ಬರುವವರೆಗೆ ಗುಂಡು ಹಾರಿಸಲಿಲ್ಲ. ಕಡಿಮೆ ಮದ್ದುಗುಂಡು ಇರುವವನು ದೂರದಿಂದ ಹಾರಿಸಿದರೆ ತಾನೆಲ್ಲಿದ್ದೇನೆಂದು ಶತ್ರುವಿಗೆ ತೋರಿಸಿಕೊಟ್ಟಂತೆ. ಅವಸರದಲ್ಲಿ ಎಳೆದಿದ್ದ ಮುಳ್ಳುತಂತಿಯೊಂದು ಎದುರಾದಾಗ ಅಲ್ಲಿ ನೆಲಬಾಂಬುಗಳಿವೆ ಎಂದು ಪಾಕಿಸ್ತಾನದ ಪಡೆ ಅನುಮಾನಿಸಿತು. ನೆಲ ಪರೀಕ್ಷಿಸುವವರು ಬರಲೆಂದು ಸುಮಾರು ಎರಡು ಗಂಟೆ ನಿಂತಿತು. ಅಲ್ಲಿ ನೆಲಬಾಂಬು ಇರಲಿಲ್ಲ! ಒಂದು ಎಳೆ ತಂತಿ ಎರಡು ಗಂಟೆ ಗಳಿಸಿಕೊಟ್ಟಿತು. ಬಳಸಿಕೊಂಡು ಹೋಗಲು ನೋಡಿದ ಟ್ಯಾಂಕುಗಳು ಮೆದು ಮರಳಿನಲ್ಲಿ ಹೂತುಕೊಂಡವು.

ಚಾಂದ್‌ಪುರಿ ಆ ರಾತ್ರಿಯೆಲ್ಲ ಬಂಕರಿನಿಂದ ಬಂಕರಿಗೆ ಹೋಗಿ ತಮ್ಮವರಿಗೆ ಧೈರ್ಯ ತುಂಬುತ್ತಿದ್ದರು. ಅವರಿಗೆ ಬಂದ ಮಹಾವೀರ ಚಕ್ರದ ಪ್ರಶಸ್ತಿ ವಿವರಣೆಯಲ್ಲೂ ಎತ್ತಿ ಹೇಳಿರುವುದು ಇದನ್ನೇ. ನಾಯಕನ ಮುಖ್ಯ ಆಯುಧ ಅವನ ತಲೆ, ಕಾಲು ಮತ್ತು ವೈರ್‌ಲೆಸ್. ಅವನು ತಾನೇ ಬಂದೂಕು ಹಿಡಿದು ಹೊಡೆಯುತ್ತ ಕೂತರೆ ಉಳಿದವರನ್ನು ನಡೆಸುವವರು ಯಾರು?

ಬೆಳಕು ಹರಿಯಿತು. ಹಂಟರ್ ವಿಮಾನಗಳು ಬಂದವು. ಬಯಲಲ್ಲಿ ಸಿಕ್ಕಿಬಿದ್ದ ಟ್ಯಾಂಕುಗಳಿಗೆ ಮರೆ ಇರಲಿಲ್ಲ, ಮೇಲೆ ಕಾಯಲು ಅವರ ವಿಮಾನಗಳೂ ಇರಲಿಲ್ಲ. ಇಲ್ಲಿ ನಮಗೆ ಸಂಬಂಧಿಸಿದ ಒಂದು ಸಂಗತಿ ಇದೆ, ಕೇಳಿ. ಹಂಟರ್‌ಗಳಿಗೆ ಗುರಿ ತೋರಿಸುತ್ತ ಆ ಮರಳುಗಾಡಿನ ಮೇಲೆ ಮೆಲ್ಲಗೆ ಸುತ್ತುತ್ತಿದ್ದದ್ದು 'ಕೃಷಕ್' ಎಂಬ ಪುಟ್ಟ ವೀಕ್ಷಣಾ ವಿಮಾನ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ್ದು! ಅದನ್ನು ಹಾರಿಸುತ್ತಿದ್ದವರು ಸೇನೆಯ ಮೇಜರ್ ಆತ್ಮಾ ಸಿಂಗ್. ಕೈಯಲ್ಲಿ ರೇಡಿಯೋ ಇತ್ತು, ಅದೇ ಅವರ ಅಸ್ತ್ರ. ಅವರಿಗೆ ವೀರ ಚಕ್ರ ಬಂತು. 'ಬಾರ್ಡರ್' ನೋಡಿದ ನಮ್ಮಲ್ಲಿ ಎಷ್ಟು ಜನಕ್ಕೆ ಈ ವಿಮಾನ ಗೊತ್ತು?

ಮೂವತ್ತಕ್ಕೂ ಹೆಚ್ಚು ಟ್ಯಾಂಕುಗಳು ಸುಟ್ಟೋ, ಕೆಟ್ಟೋ, ಬಿಟ್ಟುಹೋಗಿಯೋ ಮರಳಿನಲ್ಲಿ ಉಳಿದವು. ಠಾಣೆಯಲ್ಲಿ ನಮ್ಮ ಕಡೆ ಪ್ರಾಣ ಕೊಟ್ಟವರು ಇಬ್ಬರು.

ಇನ್ನು ಸಿನಿಮಾ. ದತ್ತಾ ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಅವರ ಸಹೋದರ ವಾಯುಪಡೆಯ ಪೈಲಟ್ ಆಗಿದ್ದು ಮಿಗ್ ವಿಮಾನ ಅಪಘಾತದಲ್ಲಿ ತೀರಿಕೊಂಡವರು. ಚಿತ್ರಕ್ಕೆ ಸೇನೆಯ ನೆರವಿತ್ತು. ಟ್ಯಾಂಕು, ವಿಮಾನ, ಮರಳು ಎಲ್ಲ ನಿಜವಾದದ್ದೇ. ಮನೆಯಿಂದ ಬರುವ ಕಾಗದಕ್ಕಾಗಿ ಕಾಯುವ ಸೈನಿಕರನ್ನು ಕಂಡು ಅಳದವರು ಕಡಿಮೆ. ಆದರೆ ಯುದ್ಧ ಶುರುವಾದೊಡನೆ ಚಿತ್ರ ಕೂಗಾಟಕ್ಕೆ ತಿರುಗುತ್ತದೆ. ಸನ್ನಿ ದೇವಲ್ ಗರ್ಜಿಸುತ್ತಾರೆ, ಸೈನಿಕರು ಮರೆ ಬಿಟ್ಟು ಬಯಲಿಗೆ ನುಗ್ಗುತ್ತಾರೆ. ಒಬ್ಬರ ಹಿಂದೊಬ್ಬರು ಸಾಯುತ್ತಾರೆ. ಸುನಿಲ್ ಶೆಟ್ಟಿ ಮಾಡಿದ ಭೈರೋನ್ ಸಿಂಗ್ ಪಾತ್ರ ಟ್ಯಾಂಕನ್ನು ನಾಶಮಾಡುತ್ತ ಪ್ರಾಣ ಬಿಡುತ್ತದೆ. ಅಕ್ಷಯ್ ಖನ್ನಾ ಮಾಡಿದ ಧರಮ್‌ವೀರ್ ಪಾತ್ರವೂ ಸಾಯುತ್ತದೆ.

ನಿಜವಾದ ಧರಮ್ ವೀರ್ ಯುದ್ಧ ಮುಗಿಸಿ ಬದುಕಿ ಬಂದರು. ಗಡಿ ಭದ್ರತಾ ಪಡೆಯ ನಿಜವಾದ ಭೈರೋನ್ ಸಿಂಗ್ ರಾಥೋಡ್ ಕೂಡ ಬದುಕಿದ್ದರು. ಅವರಿಗೆ ಸೇನಾ ಪದಕ ಬಂದಿತ್ತು. ಅವರು ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ, ಜೋಧಪುರದಲ್ಲಿ. ಅಂದರೆ ತೆರೆಯ ಮೇಲೆ ತಮ್ಮನ್ನು ಸಾಯಿಸಿದ ಮೇಲೆ ಇಪ್ಪತ್ತೈದು ವರ್ಷ ಆ ಮನುಷ್ಯ ಬಾಳಿದರು. ದೇಶದ ಕೋಟ್ಯಂತರ ಜನ ಅವರಿಗಾಗಿ ಕಣ್ಣೀರು ಹಾಕಿದ್ದರು, ಆದರೆ ಅವರು ಬದುಕಿದ್ದಾರೆ ಎಂಬುದೇ ಅದರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಕೇಳುಗರೇ, ನನ್ನನ್ನು ತಟ್ಟಿದ್ದು ಇಲ್ಲೇ. ಮ್ಯಾಗಝೀನ್ ಬದಲಿಸದ ತಪ್ಪು ನಗುವಂಥದ್ದು. ಈ ತಪ್ಪಿಗೆ ನಗು ಬರುವುದಿಲ್ಲ. ಲೋಂಗೆವಾಲಾದ ಹಿರಿಮೆ ಇದ್ದದ್ದೇ 120 ಜನ ಒಂದು ದೊಡ್ಡ ಪಡೆಯನ್ನು ರಾತ್ರಿಯಿಡೀ ತಡೆದು, ಇಬ್ಬರನ್ನು ಬಿಟ್ಟು ಉಳಿದವರು ಬೆಳಗು ಕಂಡರು ಎಂಬುದರಲ್ಲಿ. ಅದು ಕಾಯುವಿಕೆಯ, ಶಿಸ್ತಿನ, ಜಾಣತನದ ಗೆಲುವು. ಸಿನಿಮಾಕ್ಕೆ ಬದುಕಿ ಉಳಿದದ್ದು ಸಾಲದಾಯಿತು. ಸತ್ತರೆ ಮಾತ್ರ ವೀರ ಎಂಬ ಲೆಕ್ಕಕ್ಕೆ ಬದುಕಿದ್ದವರನ್ನು ಒಪ್ಪಿಸಿಬಿಟ್ಟಿತು.

ಕತ್ತಲಲ್ಲಿ ಹತ್ತಿದ ಬೆಟ್ಟ

1999ರ ಕಾರ್ಗಿಲ್ ಯುದ್ಧದ ಚಿತ್ರಗಳಿಗೂ ಇಂಥದೇ ಕಷ್ಟ. 2003ರ 'ಎಲ್‌ಒಸಿ ಕಾರ್ಗಿಲ್', 2004ರ 'ಲಕ್ಷ್ಯ', 2021ರ 'ಶೇರ್‌ಷಾ', ಇವುಗಳಲ್ಲಿ ತಯಾರಿ ಬೆಳೆಯುತ್ತ ಬಂದದ್ದು ಕಾಣುತ್ತದೆ. 'ಲಕ್ಷ್ಯ'ದಲ್ಲಿ ಡೆಹ್ರಾಡೂನಿನ ಸೇನಾ ಅಕಾಡೆಮಿಯ ತರಬೇತಿಯ ಭಾಗ ಇಂದಿಗೂ ನೋಡುವಂತಿದೆ. ಆದರೆ ಕಾರ್ಗಿಲ್‌ನಲ್ಲಿ ಶತ್ರು ಕೂತಿದ್ದದ್ದು ಶಿಖರದ ಮೇಲೆ, ಮೆಷಿನ್ ಗನ್ ಹಿಡಿದು. ಹಗಲಲ್ಲಿ ಹತ್ತಿದರೆ ಕಡಲೆಕಾಯಿ ಹುರಿದಂತೆ. ಹಾಗಾಗಿ ಮುಖ್ಯ ದಾಳಿಗಳು ನಡೆದದ್ದು ರಾತ್ರಿಯಲ್ಲಿ. ಎರಡೂ ಕೈ ಬಂಡೆಗೆ, ಬಂದೂಕು ಬೆನ್ನಿಗೆ, ಬಾಯಿಗೆ ಬೀಗ. ಕತ್ತಲೆಯನ್ನು ಕ್ಯಾಮೆರಾ ತೋರಿಸುವುದು ಹೇಗೆ? ಹೀರೋ ಮುಖ ಕಾಣದಿದ್ದರೆ ಟಿಕೆಟ್ ಕೊಂಡವನು ಬಿಡುತ್ತಾನೆಯೇ?

ಅದೇ ಕಾರಣಕ್ಕೆ ನಮ್ಮ ನಾಯಕರು ಹೆಲ್ಮೆಟ್ ತೆಗೆದಿಡುತ್ತಾರೆ. ನಿಜದಲ್ಲಿ ಒಂದೇ ಸ್ಫೋಟಕ್ಕೆ ಎಲ್ಲರೂ ಬಲಿಯಾಗಬಾರದೆಂದು ಚದುರಿ ನಡೆಯುವ ಸೈನಿಕರು, ತೆರೆಯ ಮೇಲೆ ಒಂದೇ ಚೌಕಟ್ಟಿನಲ್ಲಿ ಹಿಡಿಸಲಿ ಎಂದು ಜಾತ್ರೆಗೆ ಹೊರಟವರಂತೆ ಗುಂಪಾಗಿ ನಡೆಯುತ್ತಾರೆ. ಇನ್ನು ಫಿರಂಗಿ ದಳದವರು. ಕಾರ್ಗಿಲ್‌ನಲ್ಲಿ ನಮ್ಮ ಫಿರಂಗಿಗಳು ಹಾರಿಸಿದ ಶೆಲ್, ರಾಕೆಟ್‌ಗಳ ಸಂಖ್ಯೆ ಸುಮಾರು ಎರಡೂವರೆ ಲಕ್ಷ. ಆ 155 ಮಿಲಿಮೀಟರಿನ ಬೋಫೋರ್ಸ್ ತೋಪುಗಳಿಲ್ಲದೆ ಶಿಖರ ಹತ್ತುವುದು ಸಾಧ್ಯವೇ ಇರಲಿಲ್ಲ. ಆದರೆ ಕಿಲೋಮೀಟರುಗಟ್ಟಲೆ ಹಿಂದೆ ನಿಂತು ಶೆಲ್ ತುಂಬುತ್ತಿದ್ದವನ ಮೇಲೆ ಯಾರು ಸಿನಿಮಾ ತೆಗೆಯುತ್ತಾರೆ?

ನಮ್ಮ ಕನ್ನಡದಲ್ಲಿ ಸೈನಿಕನ ಚಿತ್ರ ಎಂದರೆ ರಾಜೇಂದ್ರಸಿಂಗ್ ಬಾಬು ಅವರ 1990ರ 'ಮುತ್ತಿನ ಹಾರ'. ವಿಷ್ಣುವರ್ಧನ್ ಅವರ ಕೊಡವ ಸೈನಿಕನನ್ನು ನೀವು ಮರೆತಿರಲಾರಿರಿ. ಆ ಚಿತ್ರದಲ್ಲಿ ನನ್ನ ನೆನಪಿನಲ್ಲಿ ಉಳಿದಿರುವುದು ಗುಂಡಿನ ದೃಶ್ಯಗಳಲ್ಲ, ಯುದ್ಧ ಒಂದು ಮನೆಯಿಂದ ಏನೇನು ಕಿತ್ತುಕೊಳ್ಳುತ್ತದೆ ಎಂಬುದು. ಆ ವಿಷಯದಲ್ಲಿ ಅದು ಸುಳ್ಳು ಹೇಳಲಿಲ್ಲ ಎಂದು ನನಗನಿಸುತ್ತದೆ.

ಆಟಿಕೆಯಲ್ಲ

ಸಿನಿಮಾ ಬಂದೂಕು ಆಟಿಕೆ ಎಂದುಕೊಳ್ಳುವುದೂ ತಪ್ಪು. ಚಿತ್ರೀಕರಣದಲ್ಲಿ ಎಷ್ಟೋ ಸಲ ನಿಜವಾದ ಬಂದೂಕಿನಲ್ಲೇ ಮದ್ದು ಮಾತ್ರ ಇರುವ, ಗುಂಡಿಲ್ಲದ ಕಾಡತೂಸು ಹಾಕಿ ಹಾರಿಸುತ್ತಾರೆ. 1993ರಲ್ಲಿ 'ದಿ ಕ್ರೋ' ಚಿತ್ರೀಕರಣದಲ್ಲಿ ಬ್ರೂಸ್ ಲೀ ಮಗ ಬ್ರ್ಯಾಂಡನ್ ಲೀ ಸತ್ತದ್ದು ಇಂಥ ಬಂದೂಕಿನ ನಿರ್ಲಕ್ಷ್ಯದಿಂದ. 2021ರ ಅಕ್ಟೋಬರಿನಲ್ಲಿ 'ರಸ್ಟ್' ಚಿತ್ರದ ಛಾಯಾಗ್ರಾಹಕಿ ಹಲೈನಾ ಹಚಿನ್ಸ್ ಸತ್ತದ್ದು, ಇರಲೇಬಾರದಿದ್ದ ನಿಜ ಗುಂಡೊಂದು ರಿವಾಲ್ವರಿನಲ್ಲಿ ಇದ್ದುದರಿಂದ. ಪ್ರತಿ ಬಂದೂಕನ್ನೂ ಗುಂಡು ತುಂಬಿದೆ ಎಂದೇ ತಿಳಿ, ಹಾರಿಸುವವರೆಗೆ ಬೆರಳನ್ನು ಟ್ರಿಗರಿನಿಂದ ಹೊರಗಿಡು, ಕೊಲ್ಲಬಾರದವರತ್ತ ನಳಿಗೆ ತಿರುಗಿಸಬೇಡ: ಸೈನಿಕನಿಗೆ ಮೊದಲ ವಾರ ಕಲಿಸುವ ಪಾಠ ಇದು. ಡೇಲ್ ಡೈ ಅಂಥವರು ಸಿನಿಮಾಕ್ಕೆ ತಂದದ್ದು ಬರೀ ಗತ್ತನ್ನಲ್ಲ, ಈ ಎಚ್ಚರವನ್ನೂ.

ಹಾಗಾದರೆ ಆಕ್ಷನ್ ಸಿನಿಮಾ ನೋಡಬಾರದೇ? ಅಯ್ಯೋ, ಖಂಡಿತ ನೋಡಿ! ನಾನೂ ನೋಡುತ್ತೇನೆ, ಶಿಳ್ಳೆಯನ್ನೂ ಹೊಡೆಯುತ್ತೇನೆ. ಒಂದೇ ಕೋರಿಕೆ. ಮುಂದಿನ ಸಲ ನೋಡುವಾಗ ಮಕ್ಕಳ ಜೊತೆ ಗುಂಡು ಎಣಿಸಿ. ಯಾರು ಹಾರಿಸುತ್ತಿದ್ದಾರೆ ಎಂಬುದರ ಜೊತೆಗೆ, ಯಾರು ಕಾಯುತ್ತಿದ್ದಾರೆ, ಯಾರು ವೈರ್‌ಲೆಸ್ ಹಿಡಿದಿದ್ದಾರೆ ಎಂದೂ ನೋಡಿ. ಪುಣೆ, ಮುಂಬೈಯ ಕೇಳುಗರು ರಜೆ ಸಿಕ್ಕಾಗ ಅಹಮದ್‌ನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ ಹೋಗಿ ಅಲ್ಲಿನ ಟ್ಯಾಂಕ್ ಮ್ಯೂಸಿಯಂ ನೋಡಬಹುದು. ಒಂದು ಟ್ಯಾಂಕಿನ ಪಕ್ಕ ಸುಮ್ಮನೆ ನಿಂತು ನೋಡಿ. ಅಂಥವು ನಲವತ್ತು, ರಾತ್ರಿ ಹೊತ್ತು, ನಿಮ್ಮ ಕಡೆಗೇ ಬರುತ್ತಿವೆ ಎಂದುಕೊಳ್ಳಿ. ಆಗ ಗುಂಡು ಹಾರಿಸದೆ ಕಾಯುವುದು ಎಂದರೇನು ಎಂದು ಸ್ವಲ್ಪವಾದರೂ ಗೊತ್ತಾದೀತು.

ನನ್ನ ರೂಪಕದ ಕತೆ ಹೇಳಿ ಮುಗಿಸುತ್ತೇನೆ. ಮುಂದಿನ ವರ್ಷ ಅದನ್ನೇ ತಿದ್ದಿ ಮತ್ತೆ ಪ್ರಸಾರ ಮಾಡಿದೆ. ಈ ಸಲ ಮೊದಲು ಬರೀ ಗಾಳಿಯ ಸದ್ದು. ಆಮೇಲೆ ತೀರ ದೂರದಲ್ಲಿ ಎಂಜಿನ್ನಿನ ಗುರುಗುರು. ಅದು ಹತ್ತಿರ ಬರುತ್ತ ಹೋಯಿತು. ಇಡೀ ಎರಡು ನಿಮಿಷ ಒಂದೂ ಗುಂಡಿಲ್ಲ. ರೇಡಿಯೋದಲ್ಲಿ ಎರಡು ನಿಮಿಷ ಮಾತಿಲ್ಲದೆ ಇರುವುದು ಎಂದರೆ ಎದೆ ಡವಗುಟ್ಟುವ ಕೆಲಸ, ನಂಬಿ. ಆಮೇಲೆ ಒಂದು 'ಚಟ್', ಅದರ ಹಿಂದೆ ಒಂದು 'ಢಂ'. ಅಷ್ಟೇ.

ಹತ್ತು ನಿಮಿಷಕ್ಕೆ ಸರಿಯಾಗಿ ಫೋನ್ ಬಂತು.

"ತಂಗೀ, ಈ ಸಲ ಸ್ವಲ್ಪ ಅಂಜಿಕಿ ಬಂತು ನೋಡವಾ" ಎಂದರು ಸುಬೇದಾರರು. ಒಂದು ಕ್ಷಣ ಸುಮ್ಮನಿದ್ದು, "ಹಂಗ ಇರತೈತಿ ಅದು" ಎಂದು ಫೋನ್ ಇಟ್ಟರು.